ಕಾಯ್ದೆಯ ವಾಕ್ಯದಾಗ ಆಕಿ ಎಲ್ಲಿ ಅದಾಳ?

ಕತೆ, ಕವಿತೆ, ಕಾದಂಬರಿಗೆ ವಿಮರ್ಶಕರು, ಕಾಯ್ದೆಗೆ ವಕೀಲರು ಎಂದು ಪಾಲು ಹಂಚಿದವರು ಯಾರು? ಕಾಯ್ದೆಯೂ ಒಂದು ಬರಹವೇ. ಅದನ್ನು ಬರೆದವರಿಗೂ ಜಾತಿ ಇದೆ, ವರ್ಗ ಇದೆ, ಮೀಸೆ ಇದೆ. ಕಾದಂಬರಿ ಕೆಟ್ಟದ್ದಾದರೆ ಓದುಗ ಮಡಿಚಿಟ್ಟು ಮಲಗುತ್ತಾನೆ. ಕಾಯ್ದೆಯ ಒಂದು ವಾಕ್ಯ ಕೆಟ್ಟರೆ ಅದರ ಪೆಟ್ಟು ಯಾರದೋ ಮೈಮೇಲೆ ಬೀಳುತ್ತದೆ. ಆದ್ದರಿಂದ ನಾವಿಲ್ಲಿ ಒಂದು ಕಾಯ್ದೆಯನ್ನು ಪಠ್ಯದ ಹಾಗೆ ಓದಲು ಹೊರಟಿದ್ದೇವೆ. ಬಸುರು ತೆಗೆಸುವುದನ್ನು ಕುರಿತು 1971 ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯ್ದೆ ಅದು. ದವಾಖಾನಿಯವರು ಅದನ್ನು ಎಂ.ಟಿ.ಪಿ. ಕಾಯ್ದೆ ಅನ್ನುತ್ತಾರೆ. ಓದುವುದಕ್ಕೆ ದೊಡ್ಡ ಸಿದ್ಧಾಂತವೇನೂ ಬೇಡ. ಕನ್ನಡ ಶಾಲೆಯ ಮಾಸ್ತರು ಕಲಿಸಿದ ಕರ್ತೃ, ಕರ್ಮ, ಕ್ರಿಯಾಪದ ಸಾಕು. ಈ ವಾಕ್ಯದ ಕರ್ತೃ ಯಾರು? ಇದೊಂದೇ ನಮ್ಮ ಪ್ರಶ್ನೆ.

ಮೊದಲು ಹಳೆಯ ಪುಸ್ತಕ ತೆಗೆಯೋಣ. ಬ್ರಿಟಿಷರು 1860 ರಲ್ಲಿ ಬರೆದ ದಂಡಸಂಹಿತೆಯ 312 ನೇ ಕಲಮು ಗರ್ಭಪಾತವನ್ನು ಅಪರಾಧ ಎಂದಿತು. ಮಾಡಿಸಿದವನಿಗೆ ಮೂರು ವರ್ಷದವರೆಗೆ ಜೈಲು, ಹೊಟ್ಟೆಯೊಳಗೆ ಕೂಸು ಮಿಸುಕಾಡುವ ಹೊತ್ತಾಗಿದ್ದರೆ ಏಳು ವರ್ಷದವರೆಗೆ. ತನ್ನ ಬಸುರು ತಾನೇ ಇಳಿಸಿಕೊಂಡ ಹೆಣ್ಣುಮಗಳೂ ಅಪರಾಧಿಯೇ ಎಂದು ಅದರ ವಿವರಣೆ ಬಿಡಿಸಿ ಹೇಳಿತು. ಗಮನಿಸಿ: ಇಡೀ ವಿಷಯದಲ್ಲಿ ಹೆಣ್ಣು ತಾನೇ ಏನೋ ಮಾಡಿದಳು ಎಂದು ಕಾನೂನು ಒಪ್ಪಿಕೊಂಡದ್ದು ಅಪರಾಧ ಹೊರಿಸುವ ಹೊತ್ತಿನಲ್ಲಿ. 2024 ರ ಜುಲೈ 1 ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಗುಲಾಮಗಿರಿಯ ಕಾನೂನು ಕಿತ್ತೆಸೆದೆವು ಎಂದು ಜಾಗಟೆ ಹೊಡೆದರು. ತೆರೆದು ನೋಡಿದರೆ 312 ಹೋಗಿ 88 ಆಗಿದೆ. ಅಂಗಡಿಯ ಬೋರ್ಡು ಬದಲಾಯಿತು, ಮಾಲು ಅದೇ.

ಈಗ 1971 ರ ಕಾಯ್ದೆಯ ಮೂರನೇ ಕಲಮು. ಅದರ ಮುಖ್ಯ ವಾಕ್ಯದ ತಾತ್ಪರ್ಯ ಇಷ್ಟು: ನೋಂದಾಯಿತ ವೈದ್ಯನು ಈ ಕಾಯ್ದೆಯ ಪ್ರಕಾರ ಗರ್ಭ ತೆಗೆದರೆ ಅವನು ಅಪರಾಧಿಯಲ್ಲ. ಕರ್ತೃ ಯಾರು? ವೈದ್ಯ. ಹೆಣ್ಣಿನ ಪ್ರಾಣಕ್ಕೆ ಅಪಾಯ, ದೇಹಕ್ಕೆ ಮನಸ್ಸಿಗೆ ತೀವ್ರ ಹಾನಿ, ಕೂಸಿಗೆ ಗಂಭೀರ ಊನ – ಇವುಗಳಲ್ಲಿ ಒಂದು ಇದೆ ಎಂದು ಅಭಿಪ್ರಾಯಪಡಬೇಕಾದವನು ಯಾರು? ವೈದ್ಯ. ಎಂಟನೇ ಕಲಮಿನಲ್ಲಿ, ಒಳ್ಳೆಯ ಮನಸ್ಸಿನಿಂದ ಮಾಡಿದ್ದಕ್ಕೆ ಮೊಕದ್ದಮೆ ಇಲ್ಲ ಎಂಬ ರಕ್ಷಣೆ ಪಡೆದವನು ಯಾರು? ಅವನೇ. ಮತ್ತೆ ಆಕಿ ಎಲ್ಲಿ ಅದಾಳ? ಒಪ್ಪಿಗೆ ಕೊಡುವ ಜಾಗದಲ್ಲಿ ಅದಾಳ. ಅವಳ ಸಮ್ಮತಿಯಿಲ್ಲದೆ ಗರ್ಭ ತೆಗೆಯಬಾರದು ಎಂದು ಕಾಯ್ದೆ ಹೇಳುತ್ತದೆ, ಅದು ಒಳ್ಳೆಯದೇ. ಆದರೆ ಅವಳು ‘ಬ್ಯಾಡ’ ಅಂದರೆ ನಿಲ್ಲುತ್ತದೆ, ‘ಬೇಕು’ ಅಂದರೆ ನಡೆಯುವುದಿಲ್ಲ. ಅವಳ ‘ಬೇಕು’ ಮೊದಲು ಡಾಕ್ಟರರ ಬಾಯಿಂದ ಹೊರಡಬೇಕು, ಆಮೇಲೆ ಆಕಿ ‘ಹೂಂ’ ಅನ್ನಬೇಕು. ‘ಹಕ್ಕು’ ಎಂಬ ಶಬ್ದವನ್ನು ಅವಳ ಹೆಸರಿನ ಪಕ್ಕದಲ್ಲಿ ಈ ಕಾಯ್ದೆ ಎಲ್ಲೂ ಇಟ್ಟಿಲ್ಲ. ಇದು ಹಕ್ಕಿನ ಕಾಯ್ದೆಯಲ್ಲ, ವೈದ್ಯನಿಗೆ ಕೊಟ್ಟ ಮಾಫಿ.

ಹೀಗ್ಯಾಕಾಯ್ತು ಎಂಬುದಕ್ಕೆ ಚರಿತ್ರೆ ನೋಡಬೇಕು. ಸರ್ಕಾರ 1964 ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಿಸಿತು. ಕದ್ದು ಮಾಡಿಸಿಕೊಂಡು ಸಾಯುತ್ತಿದ್ದ ಹೆಣ್ಣುಮಕ್ಕಳ ಸಂಕಟ ಆ ಸಮಿತಿಯ ಮುಂದಿತ್ತು. 1966 ರಲ್ಲಿ ವರದಿ ಬಂತು, 1972 ರ ಏಪ್ರಿಲ್ 1 ರಿಂದ ಕಾಯ್ದೆ ಜಾರಿಯಾಯಿತು. ಆದರೆ ಅದು ಜನಸಂಖ್ಯೆಯ ಭೂತ ಹಿಡಿದಿದ್ದ ಕಾಲ. ಅದರ ಗುರುತು ಕಾಯ್ದೆಯ ಮೈಮೇಲೆಯೇ ಇದೆ. ಗರ್ಭನಿರೋಧಕ ಕೈಕೊಟ್ಟು ಬಸುರಾದರೆ ಆ ಸಂಕಟವನ್ನು ಮಾನಸಿಕ ಹಾನಿ ಎಂದು ಎಣಿಸಬಹುದು ಎಂಬ ವಿವರಣೆಯೊಂದು ಅಲ್ಲಿತ್ತು. ಯಾರು ಬಳಸಿದ ನಿರೋಧಕ? ‘ವಿವಾಹಿತ ಹೆಣ್ಣು ಅಥವಾ ಅವಳ ಗಂಡ’ ಬಳಸಿದ್ದು. ಯಾತಕ್ಕೆ ಬಳಸಿದ್ದು? ‘ಮಕ್ಕಳ ಸಂಖ್ಯೆ ಮಿತಿಗೊಳಿಸುವ’ ಸಲುವಾಗಿ. ಈ ಎರಡು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸರ್ಕಾರಕ್ಕೆ ಬೇಕಾಗಿದ್ದದ್ದು ಲೆಕ್ಕ, ಅದಕ್ಕೆ ಗೊತ್ತಿದ್ದ ಹೆಣ್ಣು ತಾಳಿ ಕಟ್ಟಿಕೊಂಡವಳು.

ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ಈ ವಾಕ್ಯದ ಮುಂದೆ ನಿಲ್ಲಿಸೋಣ. ಮಾನ್ವಿ, ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಬದುಕು ಸವೆಸಿದ ತಾಯಂದಿರಿದ್ದಾರೆ. 1982 ರಲ್ಲಿ ರಾಜ್ಯ ಸರ್ಕಾರ ದೇವದಾಸಿ ಪದ್ಧತಿ ನಿಷೇಧಿಸಿತು. 2007-08 ರ ಸಮೀಕ್ಷೆ ರಾಜ್ಯದಲ್ಲಿ 46,660 ದೇವದಾಸಿಯರನ್ನು ಎಣಿಸಿತು. ಈ ತಾಯಂದಿರಿಗೆ ಗಂಡ ಯಾರು? ದೇವರು! ಮನೆಗೆ ಬಂದು ಹೋಗುವವನು ಗಂಡ ಅಲ್ಲ, ಅವನ ಹೆಸರು ಶಾಲೆಯ ದಾಖಲೆಯಲ್ಲೂ ಬರುವುದಿಲ್ಲ. ಸಾಹೇಬರು, ದೊರೆಗಳು, ಧಣಿಗಳು ಹಗಲಲ್ಲಿ ಮುಟ್ಟದ ಮೈಯನ್ನು ರಾತ್ರಿ ಮುಟ್ಟಿದ್ದಕ್ಕೆ ಯಾವ ಕಲಮು ಇತ್ತು? ಆ ಬಸುರು ಬೇಡವಾದಾಗ ‘ವಿವಾಹಿತ ಹೆಣ್ಣು ಅಥವಾ ಅವಳ ಗಂಡ’ ಎಂಬ ಬಾಗಿಲಲ್ಲಿ ಈ ತಾಯಿಗೆ ಪ್ರವೇಶವಿಲ್ಲ. ಬೇರೆ ಕಾರಣ ತೋರಿಸಬಹುದಿತ್ತಲ್ಲ ಎಂದು ವಕೀಲರು ಹೇಳಬಹುದು. ತೋರಿಸಬಹುದಿತ್ತು. ಊರ ಮುಂದಿನ ಬಾವಿ ಮುಚ್ಚಿ, ಹಿಂದಿನ ಹಳ್ಳಕ್ಕೆ ಹೋಗಿ ನೀರು ತರಬಹುದಲ್ಲ ಅಂದ ಹಂಗಾಯ್ತು ಅದು. 1972 ರಿಂದ 2021 ರವರೆಗೆ, ಐವತ್ತು ವರ್ಷಕ್ಕೆ ಒಂದು ಕಡಿಮೆ, ಆ ವಾಕ್ಯ ಹಾಗೇ ನಿಂತಿತ್ತು.

ಬಾಬಾಸಾಹೇಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. 1938 ರ ನವೆಂಬರ್ 10 ರಂದು ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯವನ್ನು ಜನರಿಗೆ ಒದಗಿಸಬೇಕೆಂಬ ಗೊತ್ತುವಳಿ ಬಂತು. ಅಂಬೇಡ್ಕರರ ಪರವಾಗಿ ಅದನ್ನು ಮಂಡಿಸಿದವರು ಪಿ.ಜೆ. ರೋಹಂ. ಹೆರುವ ನೋವನ್ನು, ಹೆತ್ತು ಹೆತ್ತು ಸೊರಗುವ ಮೈಯನ್ನು ಆ ಮಾತು ಸಭೆಯ ನಡುವೆ ತಂದು ಇಟ್ಟಿತು. ಸಭೆ ಅದನ್ನು ಸೋಲಿಸಿತು. ಅದಕ್ಕೂ ಎಂಟು ವರ್ಷ ಮೊದಲು, 1930 ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ದವಾಖಾನಿಯಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆದಿತ್ತು ಎಂದು ಪಠ್ಯಪುಸ್ತಕ ಹೆಮ್ಮೆಪಡಬಹುದು. ಆಗ ರಾಯಚೂರು ನಿಜಾಮರ ಸೀಮೆ. ಆ ಹೆಮ್ಮೆ ನಮ್ಮ ಮನೆಗೆ ಬಂದದ್ದು 1956 ರ ಏಕೀಕರಣದ ನಂತರ, ಅದೂ ಹೆಸರಿಗೆ.

ಈಗ ತಿದ್ದುಪಡಿಗಳ ಕತೆ. ಕೇಂದ್ರದ ಆರೋಗ್ಯ ಇಲಾಖೆ 2014 ರಲ್ಲಿ ಒಂದು ಕರಡು ಹೊರಡಿಸಿತು. ಈ ವಿಷಯದ ಮೇಲೆ ದಿಲ್ಲಿಯಿಂದ ಬಂದ ಕಾಗದಗಳಲ್ಲಿ ನಮಗೆ ಮುಖ್ಯವಾದದ್ದು ಅದೇ. ಮೊದಲ ಹನ್ನೆರಡು ವಾರ ಹೆಣ್ಣು ಕೇಳಿದರೆ ಸಾಕು ಎಂದಿತು ಅದು. ತರಬೇತಿ ಪಡೆದ ನರ್ಸು, ಆಯುರ್ವೇದ-ಯುನಾನಿ-ಹೋಮಿಯೋಪತಿ ವೈದ್ಯರೂ ಈ ಸೇವೆ ಕೊಡಬಹುದು ಎಂದಿತು. ಎಂದರೆ ವಾಕ್ಯದ ಕರ್ತೃಸ್ಥಾನಕ್ಕೆ ಮೊದಲ ಸಲ ಹೆಣ್ಣು ಬಂದಿದ್ದಳು, ಅವಳ ಪಕ್ಕದಲ್ಲಿ ನಮ್ಮ ಹಳ್ಳಿಗಳ ಉಪಕೇಂದ್ರದ ನರ್ಸಮ್ಮ ನಿಂತಿದ್ದಳು. ಆ ಕರಡು ಪಾರ್ಲಿಮೆಂಟಿನ ಹೊಸ್ತಿಲು ತುಳಿಯಲೇ ಇಲ್ಲ. 2020 ರ ಮಾರ್ಚಿನಲ್ಲಿ ಬೇರೆ ಮಸೂದೆ ಲೋಕಸಭೆಗೆ ಬಂತು, 2021 ರ ಮಾರ್ಚ್ 16 ರಂದು ರಾಜ್ಯಸಭೆ ಒಪ್ಪಿತು. ಆಯ್ಕೆ ಸಮಿತಿಗೆ ಕಳಿಸಿ ಎಂದು ಕೇಳಿದವರ ಮಾತು ನಡೆಯಲಿಲ್ಲ. 2021 ರ ಸೆಪ್ಟೆಂಬರ್ 24 ರಿಂದ ಜಾರಿಯಾದ ಆ ತಿದ್ದುಪಡಿಯಲ್ಲಿ ಹೆಣ್ಣಿನ ಕೋರಿಕೆ ಇಲ್ಲ, ನರ್ಸಮ್ಮನೂ ಇಲ್ಲ. ವೈದ್ಯ ಮತ್ತೆ ತನ್ನ ಕುರ್ಚಿಯಲ್ಲಿ.

ಕೊಟ್ಟದ್ದನ್ನು ಕೊಟ್ಟಿಲ್ಲ ಅನ್ನಬಾರದು. ‘ವಿವಾಹಿತ ಹೆಣ್ಣು, ಗಂಡ’ ಹೋಗಿ ‘ಹೆಣ್ಣು, ಅವಳ ಸಂಗಾತಿ’ ಆಯಿತು. ಒಬ್ಬ ವೈದ್ಯನ ಅಭಿಪ್ರಾಯ ಹಿಂದೆ ಹನ್ನೆರಡು ವಾರಕ್ಕೆ ನಿಲ್ಲುತ್ತಿತ್ತು, ಇಪ್ಪತ್ತಕ್ಕೆ ಏರಿತು. ಇಬ್ಬರ ಅಭಿಪ್ರಾಯದ ಮೇಲೆ ಇಪ್ಪತ್ತನಾಲ್ಕು ವಾರದವರೆಗೆ ಅವಕಾಶ ಬಂತು. ಆದರೆ ಅದು ಎಲ್ಲರಿಗೂ ಅಲ್ಲ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸುರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಅಂಗವಿಕಲರು ಹೀಗೊಂದು ಪಟ್ಟಿ. ಆಮೇಲೆ 2022 ರ ಸೆಪ್ಟೆಂಬರ್ 29 ರಂದು ಸುಪ್ರೀಂ ಕೋರ್ಟು ಮದುವೆಯಾಗದ ಹೆಣ್ಣನ್ನು ಈ ಪಟ್ಟಿಯಿಂದ ಹೊರಗಿಡುವುದು ಸಮಾನತೆಗೆ ವಿರುದ್ಧ ಎಂದಿತು. ಗಂಡನ ಬಲಾತ್ಕಾರವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಎಂದೇ ಓದಬೇಕು ಎಂದಿತು. ಕಾನೂನು ಕೇಳದ ಕಾಗದಗಳನ್ನು, ಮನೆಯವರ ಒಪ್ಪಿಗೆಯನ್ನು ವೈದ್ಯರು ಕೇಳುತ್ತಿದ್ದಾರೆ ಎಂಬುದನ್ನೂ ಅದೇ ತೀರ್ಪು ಗುರುತಿಸಿತು. ‘ಗಂಡನ್ನ ಕರ್ಕೊಂಡು ಬಾ’ ಎಂಬ ಮಾತಿಗೆ ಕಾಯ್ದೆಯಲ್ಲಿ ಯಾವ ಆಧಾರವೂ ಇಲ್ಲ. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಇದನ್ನು ಹಳ್ಳಿಯ ಗೋಡೆ ಗೋಡೆಯ ಮೇಲೆ ಬರೆಯಬೇಕು.

ಆ ತೀರ್ಪು ಎತ್ತಿ ಹಿಡಿದ ಇನ್ನೊಂದು ಸಾಲು ಮೂರನೇ ಕಲಮಿನೊಳಗೆ ಮೊದಲಿಂದಲೂ ಇತ್ತು. ಹಾನಿಯನ್ನು ಅಳೆಯುವಾಗ ಹೆಣ್ಣಿನ ಈಗಿನ ಮತ್ತು ಮುಂದೆ ಬರಬಹುದಾದ ಪರಿಸರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂಬ ಸಾಲು ಅದು. ಇಡೀ ಕಾಯ್ದೆಯಲ್ಲಿ ನಮ್ಮ ಕೇರಿಯ ಕಡೆ ಮುಖ ಮಾಡಿ ನಿಂತ ವಾಕ್ಯ ಇದೊಂದೇ. ಪರಿಸರ ಅಂದರೆ ಏನು? ಹತ್ತಿ ಬಿಡಿಸುವ ಕೂಲಿ. ಮೆಣಸಿನಕಾಯಿ ಹೊಲದ ಘಾಟು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬರದ ವರ್ಷ. ಮಳಿ ಹೋಯ್ತಂದ್ರ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ. ಅಲ್ಲಿ ಕಟ್ಟಡದ ಮಗ್ಗುಲಲ್ಲಿ ತಗಡಿನ ಗುಡಿಸಲು, ತಲಿ ಮ್ಯಾಲೆ ಸಿಮೆಂಟಿನ ಬುಟ್ಟಿ. ಆದರೆ ಕಾಯ್ದೆ ‘ಲೆಕ್ಕಕ್ಕೆ ತೆಗೆದುಕೊಳ್ಳಬಹುದು’ ಎಂದಿದೆ, ‘ತೆಗೆದುಕೊಳ್ಳಬೇಕು’ ಎಂದಿಲ್ಲ. ಒಂದು ಕ್ರಿಯಾಪದದ ಬಾಲದಲ್ಲಿ ಒಬ್ಬಳ ಬದುಕು ತೂಗುತ್ತಿದೆ. ಭಾಷೆ ಗೊತ್ತಿದ್ದವರು ಇಂಥಲ್ಲಿ ಸುಮ್ಮನಿರಬಾರದು.

ಇನ್ನು ಜಾಗದ ಮಾತು. ಕಾಯ್ದೆಯ ಪ್ರಕಾರ ಸರ್ಕಾರಿ ಆಸ್ಪತ್ರೆ ಅಥವಾ ಜಿಲ್ಲಾ ಸಮಿತಿ ಒಪ್ಪಿದ ಆಸ್ಪತ್ರೆಯಲ್ಲಷ್ಟೇ ಇದು ನಡೆಯಬೇಕು. ಹೆರಿಗೆ ಶಾಸ್ತ್ರ ಓದಿದವರು ಅಥವಾ ನಿಯಮದಂತೆ ತರಬೇತಿ ಪಡೆದವರು ಅಲ್ಲಿರಬೇಕು. ಕಾಯ್ದೆ ಬರೆದವರ ಕಣ್ಣಲ್ಲಿ ಇಂಥ ಜಾಗ ಮನೆಯಿಂದ ಆಟೋ ಹತ್ತಿದರೆ ಸಿಗುವಂಥದ್ದು. ರಾಯಚೂರು ನಗರದಲ್ಲಿ ರಿಮ್ಸ್ ಇದೆ. ಆದರೆ ದೇವದುರ್ಗದಿಂದ ಗಬ್ಬೂರು ಹಾದು, ಮಾನ್ವಿಯಿಂದ ಕಲ್ಲೂರು ಹಾದು ರಾಯಚೂರಿಗೆ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ, ಸಂಗಡ ಬಂದವರದೂ ಸೇರಿ ಎರಡು. ಅತ್ತೆಗೆ ಏನು ಹೇಳುವುದು? ಊರ ಮಂದಿಗೆ ಏನು ಹೇಳುವುದು? ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ರಾಜ್ಯದ ಅತಿ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತು, 371ಜೆ ಬಂತು, ಕೇಂದ್ರ 2018 ರಲ್ಲಿ ರಾಯಚೂರನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದಿತು. ಹಿಂದುಳಿದದ್ದಕ್ಕೆ ಎಷ್ಟು ಚಂದದ ಹೆಸರು! ಈ ನೆಲದಲ್ಲಿ ಜನ ದವಾಖಾನಿ ಕೇಳುವುದನ್ನು ಬಿಟ್ಟಿಲ್ಲ. ಏಮ್ಸ್ ಬೇಕೆಂದು 2022 ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಕುಳಿತ ಧರಣಿ ಸಾವಿರ ದಿನ ದಾಟಿತು.

ದವಾಖಾನಿಗೆ ಹೋಗಲಾಗದವರು ಏನು ಮಾಡುತ್ತಾರೆ? 2015 ರ ವರ್ಷದ ಲೆಕ್ಕ ಹಿಡಿದು ನಡೆದ ಒಂದು ಅಧ್ಯಯನ 2018 ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಆ ವರ್ಷ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು, ಅವುಗಳಲ್ಲಿ ನೂರಕ್ಕೆ 73 ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು ಎಂದು ಅದು ಅಂದಾಜಿಸಿತು. ಅಂದರೆ ನಾಲ್ವರಲ್ಲಿ ಹತ್ತಿರತ್ತಿರ ಮೂವರು ಕಾಯ್ದೆಯ ಬಾಗಿಲ ಹೊರಗೇ ಇದ್ದಾರೆ. ಆ ಮಾತ್ರೆ ಸರಿಯಾದ ವಾರದಲ್ಲಿ, ಸರಿಯಾದ ಅಳತೆಯಲ್ಲಿ ಸಿಕ್ಕರೆ ಸುರಕ್ಷಿತ. ತರಬೇತಿ ಪಡೆದ ನರ್ಸು, ಸೂಲಗಿತ್ತಿಯರು ಮೊದಲ ವಾರಗಳಲ್ಲಿ ಅದನ್ನು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022 ರ ಮಾರ್ಗಸೂಚಿಯಲ್ಲಿ ಹೇಳಿದೆ. ಔಷಧ ಅಂಗಡಿಯ ಹುಡುಗ ಚೀಟಿಯಿಲ್ಲದೆ ಕೊಟ್ಟ ಮಾತ್ರೆ ನುಂಗಿ, ರಕ್ತ ನಿಲ್ಲದಿದ್ದಾಗ ಆಕಿ ಎಲ್ಲಿಗೆ ಹೋಗಬೇಕು? ದವಾಖಾನಿಗೆ ಹೋದರೆ ‘ಯಾರು ಕೊಟ್ಟರು?’ ಎಂಬ ವಿಚಾರಣೆ. ಹೋಗದಿದ್ದರೆ ಸಾವು. ಸಂಹಿತೆಯ 88 ನೇ ಕಲಮು ಇರುವತನಕ ಈ ಹೆದರಿಕೆ ಹೋಗುವುದಿಲ್ಲ.

ಎಳೆ ಹುಡುಗಿಯರ ಪಾಡು ಇನ್ನೂ ಕಠಿಣ. ನಮ್ಮ ಕಡೆ ಹದಿನಾರಕ್ಕೆ ಮದುವೆ ಮಾಡುವುದು ನಿಂತಿಲ್ಲ ಎಂಬುದು ಹಳ್ಳಿಯ ಮಾಸ್ತರರಿಗೆ ಗೊತ್ತು. ಬೇಸಿಗೆ ರಜೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಖಾಲಿಯಾಗುವ ಹೆಸರುಗಳನ್ನು ಅವರೇ ನೋಡುತ್ತಾರೆ. 2012 ರ ಪೋಕ್ಸೊ ಕಾಯ್ದೆ ಮಕ್ಕಳ ರಕ್ಷಣೆಗೆ ಬಂದದ್ದು, ಬೇಕಾದದ್ದು. ಆದರೆ ಅದರ ಪ್ರಕಾರ ಅಪ್ರಾಪ್ತ ಹುಡುಗಿ ಬಸುರಾಗಿ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಗಂಡನ ಮೇಲೆ, ಅಪ್ಪನ ಮೇಲೆ ಕೇಸು ಬೀಳುತ್ತದೆಂದು ಮನೆಯವರು ಹುಡುಗಿಯನ್ನು ದವಾಖಾನಿಗೇ ತರುವುದಿಲ್ಲ. ಹುಡುಗಿ ಮತ್ತು ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು ಬರೆಯಬೇಕಿಲ್ಲ ಎಂದು 2022 ರ ತೀರ್ಪು ಹೇಳಿದೆ. ಒಳ್ಳೆಯ ಮಾತು. ಆ ಮಾತು ದಿಲ್ಲಿಯಿಂದ ಹೊರಟು ಜಾಲಹಳ್ಳಿ, ಅರಕೇರಾ ತಲುಪಲು ಎಷ್ಟು ವರ್ಷ ಬೇಕು?

ಇಲ್ಲಿ ನಮ್ಮ ಗೆಳೆಯರೇ ಎತ್ತುವ ಎರಡು ತಕರಾರುಗಳಿವೆ. ಮೊದಲನೆಯದು ‘ಭ್ರೂಣಹತ್ಯೆ’ ಎಂಬ ಶಬ್ದ. 2023 ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಕೂಸು ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಅದನ್ನು ತೋರಿಸಿ, ನೋಡಿ ಗರ್ಭಪಾತ ಅಂದರೆ ಇದು ಎನ್ನುತ್ತಾರೆ. ಅಲ್ಲ. ಹೆಣ್ಣು ಹುಟ್ಟಬಾರದು ಎಂಬ ಮನೆತನದ ಹಟ ಬೇರೆ, ಈ ಬಸುರು ನನ್ನಿಂದ ಆಗದು ಎಂಬ ಹೆಣ್ಣಿನ ಮಾತು ಬೇರೆ. ಮೊದಲನೆಯದಕ್ಕೆ 1994 ರ ಪ್ರತ್ಯೇಕ ಕಾಯ್ದೆ ಇದೆ. ಎರಡನ್ನೂ ಒಂದೇ ಶಬ್ದದ ಚೀಲಕ್ಕೆ ತುಂಬಿದ್ದು ಧರ್ಮಶಾಸ್ತ್ರದ ಕೆಲಸ. ಅದು ಭ್ರೂಣಹತ್ಯೆಯನ್ನು ಮಹಾಪಾಪಗಳ ಸಾಲಿಗೆ ಸೇರಿಸಿತು. ಆದರೆ ತುಂಬಿದ ಹೊಟ್ಟೆಯಲ್ಲಿ ಕಲ್ಲು ಹೊತ್ತು, ಹೊಲದಲ್ಲೇ ಬಸುರು ಕಳಕೊಂಡ ಹೊಲತಿ ಮಾದಿಗಿತ್ತಿಯ ಲೆಕ್ಕ ಯಾವ ಶಾಸ್ತ್ರದಲ್ಲಿದೆ? ಹೊರೆ ಹೊರಿಸಿದ ಧಣಿಗೆ ಯಾವ ಪ್ರಾಯಶ್ಚಿತ್ತ ಬರೆದರು? ನಮ್ಮವರ ಬಾಯಲ್ಲಿ ಇರುವುದು ‘ಬಸುರು ತೆಗಸೋದು’ ಎಂಬ ಮಾತು. ಅದರಲ್ಲಿ ಕೊಲೆಯಿಲ್ಲ, ಕಷ್ಟ ಇದೆ. ಆ ಮಾತನ್ನೇ ಇಟ್ಟುಕೊಳ್ಳೋಣ.

ಎರಡನೇ ತಕರಾರು ಇನ್ನೂ ಗಂಭೀರ: ಈ ಸರ್ಕಾರಕ್ಕೆ ನಮ್ಮ ಮಕ್ಕಳ ಸಂಖ್ಯೆ ಕಡಿಮೆಯಾಗುವುದೇ ಬೇಕು, ನಾವೇ ಯಾಕೆ ಅದಕ್ಕೆ ಕೈಜೋಡಿಸಬೇಕು? ತುರ್ತುಪರಿಸ್ಥಿತಿಯಲ್ಲಿ, 1975-77 ರಲ್ಲಿ, ಬಡವರನ್ನು ಹಿಡಿದು ಆಪರೇಷನ್ ಮಾಡಿದ ದೇಶ ಇದು. ಆ ಅಂಜಿಕೆ ನಿಜ. ಆದರೆ ಅಂಜಿಕೆಗೆ ಮದ್ದು ಹಕ್ಕಿನಲ್ಲೇ ಇದೆ. ಹೆಣ್ಣು ಕರ್ತೃವಾದರೆ ಬಲವಂತವಾಗಿ ತೆಗೆಸುವವನನ್ನೂ ತಡೆಯುತ್ತಾಳೆ, ಬಲವಂತವಾಗಿ ಹೆರಿಸುವವನನ್ನೂ ತಡೆಯುತ್ತಾಳೆ. ಅವಳು ಕರ್ಮಪದವಾಗಿ ಉಳಿದರೆ ಇವತ್ತು ಸರ್ಕಾರ ಒಂದು ಆಡಿಸುತ್ತದೆ, ನಾಳೆ ಮಠ ಇನ್ನೊಂದು ಆಡಿಸುತ್ತದೆ.

ಮಠ, ಚರ್ಚು, ಪ್ರಭುತ್ವ ಕೂಡಿ ಕಾನೂನು ಬರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ನಾಡಿನ ಹೆಣ್ಣುಮಗಳೊಬ್ಬಳ ಸಾವು ಸಾಕ್ಷಿ. ಬೆಳಗಾವಿಯಲ್ಲಿ ಬೆಳೆದು ದಂತವೈದ್ಯೆಯಾದ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೆಯಲ್ಲಿದ್ದರು. 2012 ರ ಅಕ್ಟೋಬರಿನಲ್ಲಿ ಹದಿನೇಳು ವಾರದ ಬಸುರು ತಾನಾಗಿ ಇಳಿಯತೊಡಗಿತು. ಕೂಸು ಉಳಿಯದು ಎಂದು ಗೊತ್ತಿತ್ತು. ತೆಗೆದುಬಿಡಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇರುವತನಕ ಆಗದು ಎಂದರು. ನಂಜೇರಿ ಅಕ್ಟೋಬರ್ 28 ರಂದು ಸತ್ತರು, 31 ನೇ ವಯಸ್ಸಿಗೆ. ಐರ್ಲೆಂಡು 1983 ರಲ್ಲಿ ತನ್ನ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ ತಾಯಿಯ ಜೀವವನ್ನೂ ಭ್ರೂಣದ ಜೀವವನ್ನೂ ಸಮ ಎಂದಿತ್ತು. ಆ ಸಾವಿನ ನಂತರ ಅಲ್ಲಿನ ಜನ ಬೀದಿಗಿಳಿದರು. 2013 ರಲ್ಲಿ ಅರೆಬರೆ ಕಾಯ್ದೆ ಬಂತು. 2018 ರ ಮೇ 25 ರ ಜನಮತಗಣನೆಯಲ್ಲಿ ನೂರಕ್ಕೆ 66 ಕ್ಕಿಂತ ಹೆಚ್ಚು ಮಂದಿ ಎಂಟನೇ ತಿದ್ದುಪಡಿಯನ್ನು ಕಿತ್ತೆಸೆದರು. ಬೆಳಗಾವಿಯ ಮಗಳ ಸಾವು ಇನ್ನೊಂದು ದೇಶದ ಸಂವಿಧಾನ ತಿದ್ದಿತು. ಆಗ ಭಾರತ ಸರ್ಕಾರ ಐರ್ಲೆಂಡಿನ ರಾಯಭಾರಿಯನ್ನು ಕರೆಸಿ ಮಾತಾಡಿತು. ಸರಿಯಾದದ್ದೇ. ನಾವು ಕೇಳುವುದು ಇಷ್ಟೆ: ದೇವದುರ್ಗದ ತಾಂಡಾದಲ್ಲೋ ಕೇರಿಯಲ್ಲೋ ಒಬ್ಬಳು ಹೀಗೆ ಸತ್ತರೆ ಯಾವ ರಾಯಭಾರಿಯನ್ನು ಕರೆಸಬೇಕು?

ಕೋರ್ಟಿನ ತೀರ್ಪು ಸಾಲದೆ? ಸಾಲದು. ಅಮೆರಿಕದಲ್ಲಿ 1973 ರ ತೀರ್ಪೊಂದರ ಮೇಲೆ ಐವತ್ತು ವರ್ಷ ಹೆಣ್ಣಿನ ಹಕ್ಕು ನಿಂತಿತ್ತು. ಅದನ್ನು ದೇಶದ ಕಾಯ್ದೆಯಾಗಿ ಬರೆಯಲೇ ಇಲ್ಲ. ಬರೆಯಬೇಕೆಂದು 2021 ರಲ್ಲಿ ಕೆಳಮನೆ ಮಸೂದೆ ಪಾಸು ಮಾಡಿದರೆ 2022 ರಲ್ಲಿ ಮೇಲ್ಮನೆ ಅದನ್ನು ಎರಡು ಸಲ ತಡೆಯಿತು. ಅದೇ ವರ್ಷದ ಜೂನ್ 24 ರಂದು ಕೋರ್ಟು ತನ್ನ ಹಳೆಯ ತೀರ್ಪನ್ನು ತಾನೇ ಅಳಿಸಿತು. ಕೋರ್ಟು ಕೊಟ್ಟದ್ದನ್ನು ಕೋರ್ಟೇ ಕಸಿಯಿತು. ನಮ್ಮಲ್ಲೂ 2009 ರ ಸುಚಿತಾ ಶ್ರೀವಾಸ್ತವ ತೀರ್ಪು, 2017 ರಲ್ಲಿ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಹೆಸರಿನ ಖಾಸಗಿತನದ ತೀರ್ಪು, 2022 ರ ತೀರ್ಪು ಇವೆ. ಆದರೆ 2023 ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರದ ಬಸುರು ತೆಗೆಸಲು ಕೇಳಿದಾಗ ಅದೇ ಕೋರ್ಟು ಮೊದಲು ಹೂಂ ಅಂದು, ಆಮೇಲೆ ಕಾಯ್ದೆಯ ಮಿತಿ ತೋರಿಸಿ ಒಲ್ಲೆ ಎಂದಿತು. ತೀರ್ಪು ದೊಡ್ಡವರ ಮನೆಯ ಜಗುಲಿ ಇದ್ದ ಹಾಗೆ. ಕೂಡ್ರಬಹುದು, ನಮ್ಮದು ಅನ್ನಲಾಗದು.

ದೂರದ ಶ್ರೀಮಂತ ದೇಶಗಳ ಮಾತು ಬಿಡಿ. ನೇಪಾಳ ನೋಡಿ. ಲಕ್ಷ್ಮಿ ಧಿಕ್ತಾ ಎಂಬ ಬಡ ಹೆಣ್ಣುಮಗಳು ಆಸ್ಪತ್ರೆ ಕೇಳಿದ ಶುಲ್ಕ ಕೊಡಲಾಗದೆ ಆರನೇ ಬಸುರು ಹೊರಬೇಕಾಯಿತು. 2009 ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ದುಡ್ಡಿಲ್ಲದ ಕಾರಣಕ್ಕೆ ಈ ಸೇವೆ ತಪ್ಪಬಾರದು, ಸಮಗ್ರ ಕಾನೂನು ಮಾಡಿ ಎಂದು ಸರ್ಕಾರಕ್ಕೆ ಆದೇಶಿಸಿತು. 2018 ರಲ್ಲಿ ಕಾನೂನು ಬಂತು. ಸುರಕ್ಷಿತ ಗರ್ಭಪಾತ ಹೆಣ್ಣಿನ ಹಕ್ಕು ಎಂದು ಅದು ನೇರ ಬರೆದಿದೆ. ಹನ್ನೆರಡು ವಾರದವರೆಗೆ ಅವಳ ಒಪ್ಪಿಗೆಯೇ ಕಾರಣ, ಬೇರೆ ಕಾರಣ ಬೇಡ. ಅಲ್ಲಿ ತರಬೇತಿ ಪಡೆದ ನರ್ಸುಗಳು ಮಾತ್ರೆ ಕೊಡುತ್ತಾರೆ. ಗುಡ್ಡಗಾಡಿನ ಬಡ ದೇಶಕ್ಕೆ ಸಾಧ್ಯವಾದದ್ದು ನಮಗೆ ಯಾಕೆ ಸಾಧ್ಯವಿಲ್ಲ?

ಆದ್ದರಿಂದ ವಿಮರ್ಶೆಯ ಕೊನೆಗೆ ನಮ್ಮ ತಿದ್ದುಪಡಿ ಇದು. ವಾಕ್ಯದ ಕರ್ತೃ ಬದಲಾಗಲಿ: ‘ವೈದ್ಯನು ಅಪರಾಧಿಯಲ್ಲ’ ಎಂಬಲ್ಲಿ ‘ಹೆಣ್ಣಿಗೆ ಹಕ್ಕಿದೆ’ ಎಂದಾಗಲಿ. 2014 ರ ಕರಡಿನ ಹನ್ನೆರಡು ವಾರ, ಹೆಣ್ಣಿನ ಕೋರಿಕೆ, ನರ್ಸಮ್ಮ ಮೂರೂ ವಾಪಸು ಬರಲಿ. ಪರಿಸರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂಬುದು ಬೇಕು ಎಂದಾಗಲಿ. ತನ್ನ ಬಸುರು ತಾನು ಇಳಿಸಿಕೊಂಡವಳನ್ನು ಅಪರಾಧಿ ಎನ್ನುವ 88 ನೇ ಕಲಮಿನ ಮಾತು ತೊಲಗಲಿ. ಕಾಯ್ದೆ ಎಷ್ಟು ಚಂದ ಬರೆದರೂ ಅದು ತಾಲ್ಲೂಕು ದವಾಖಾನಿಯಲ್ಲಿ, ಪುಕ್ಕಟೆ, ಪಿಸುಮಾತಿಲ್ಲದೆ ಸಿಗದಿದ್ದರೆ ಕಾಗದವಷ್ಟೆ. ಏಮ್ಸ್ ಕೇಳುವ ಬಾಯಿ ಇದನ್ನೂ ಕೇಳಲಿ. ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಭೂಮಿ, ಕೂಲಿ, ಹಾಸ್ಟೆಲು, ಸ್ಮಶಾನಗಳ ಜೊತೆಗೆ ಈ ಬೇಡಿಕೆಯೂ ಬರಲಿ. ಹೆಣ್ಣುಮಕ್ಕಳ ಘಟಕದವರು ನೋಡಿಕೊಳ್ಳಲಿ ಎಂದು ಪಕ್ಕಕ್ಕೆ ತಳ್ಳುವುದು ಬೇಡ.

ಮಾಸ್ತರುಗಳಲ್ಲಿ ಒಂದು ಮಾತು. ವ್ಯಾಕರಣದ ಪಾಠದಲ್ಲಿ ‘ರಾಮನು ಹಣ್ಣನ್ನು ತಿಂದನು’ ಬಹಳ ವರ್ಷ ನಡೆಯಿತು. ದೊಡ್ಡ ಕ್ಲಾಸಿನ ಹುಡುಗಿಯರ ಮುಂದೆ ಒಂದು ದಿನ ಈ ವಾಕ್ಯ ಬರೆಯಿರಿ: ‘ಅವಳು ತನ್ನ ಮೈಯ ವಿಚಾರವನ್ನು ತಾನು ತೀರ್ಮಾನಿಸಿದಳು.’ ಕರ್ತೃ ಯಾರು ಎಂದು ಕೇಳಿರಿ. ಅವರು ಹೇಳುತ್ತಾರೆ.